ಜಾಸ್ತಿ ಬ್ಲೀಡಿಂಗ್ ಆಗುವ ರಾತ್ರಿಗೆ ಯಾವುದು ಸರಿ: ಪ್ಯಾಡೋ, ಪ್ಯಾಂಟೋ, ಕಪ್ಪೋ?

ಬೆಳಿಗ್ಗೆ ತೆಗೆದ ಪ್ಯಾಡನ್ನು ಸುತ್ತಿ ಎಸೆಯುವ ಮೊದಲು ಒಮ್ಮೆ ಬಿಡಿಸಿ ನೋಡಿ. ಮುಂದಿನ ಅರ್ಧ ಹೊಸದರ ಹಾಗೆ ಬೆಳ್ಳಗಿರುತ್ತದೆ. ಹಿಂದಿನ ತುದಿ ಮಾತ್ರ ತೊಯ್ದು ಭಾರವಾಗಿರುತ್ತದೆ. ನೈಟಿಯ ಹಿಂಬದಿಯಲ್ಲಿ, ಬೆನ್ನಿನ ಕೆಳಗೆ, ಅಂಗೈಯಗಲ ಕಲೆ. ಬೆಡ್‌ಶೀಟಿನ ಮೇಲೂ ಅದೇ ಜಾಗದಲ್ಲಿ ಅಂಥದ್ದೇ ಇನ್ನೊಂದು.

ಎಷ್ಟೋ ವರ್ಷ ನಾನು ಆ ಪ್ಯಾಡನ್ನು ನೋಡದೆಯೇ ಎಸೆದೆ. ಪ್ಯಾಡ್ ಸಾಲಲಿಲ್ಲ ಅಂದುಕೊಂಡು ಮುಂದಿನ ತಿಂಗಳು ಇನ್ನೂ ದಪ್ಪದ್ದು ತಂದೆ. ನಿಜ ಹೇಳಬೇಕೆಂದರೆ ಪ್ಯಾಡ್ ತುಂಬಿಯೇ ಇರಲಿಲ್ಲ. ಮಲಗಿದಾಗ ರಕ್ತ ಕೆಳಕ್ಕೆ ಬೀಳುವುದಿಲ್ಲ, ಹಿಂದಕ್ಕೆ ಹರಿಯುತ್ತದೆ. ಪ್ಯಾಡ್ ಇರುವುದು ಒಂದು ಕಡೆ, ರಕ್ತ ಹೋಗುವುದು ಇನ್ನೊಂದು ಕಡೆ. ದಪ್ಪ ಎಷ್ಟಿದ್ದರೇನು?

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಒಂದು ತಿಂಗಳು ಕಲೆ ಎಲ್ಲಿ ಆಗುತ್ತಿದೆ ಎಂದು ಗಮನಿಸಿ. ಹಿಂದೆ ಕಲೆ, ಪ್ಯಾಡಿನ ಮುಂದಿನ ಅರ್ಧ ಒಣಗಿದೆ ಅಂದರೆ ನಿಮಗೆ ಬೇಕಾದದ್ದು ಉದ್ದ. ತೊಡೆಯ ಪಕ್ಕದಲ್ಲಿ ಕಲೆ ಅಂದರೆ ನೀವು ಮಗ್ಗುಲಾಗಿ ಮಲಗುತ್ತೀರಿ, ನಿಮಗೆ ಬೇಕಾದದ್ದು ಸುತ್ತಲೂ ಮುಚ್ಚುವಂಥದ್ದು. ಪ್ಯಾಡ್ ಮುಂದಿನಿಂದ ಹಿಂದಿನವರೆಗೆ ಪೂರ್ತಿ ತುಂಬಿ, ಅದೂ ಮೂರು ನಾಲ್ಕು ಗಂಟೆಯಲ್ಲೇ ತುಂಬಿ ಸೋರಿದರೆ, ಅದು ಬೇರೆಯೇ ವಿಷಯ. ಆಗ ಒಂದು ವಸ್ತು ಸಾಲುವುದಿಲ್ಲ, ಡಾಕ್ಟರ್ ಹತ್ತಿರವೂ ಹೋಗಬೇಕು. ಅದನ್ನು ಕೊನೆಯಲ್ಲಿ ಬಿಡಿಸಿ ಹೇಳುತ್ತೇನೆ. ಅವಸರವಿದ್ದವರು ಮೊದಲು ಅದನ್ನೇ ಓದಿ.

ಉದ್ದದ ನೈಟ್ ಪ್ಯಾಡ್

ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ರೆಗ್ಯುಲರ್ ಪ್ಯಾಡ್ 240 ಮಿ.ಮೀ. ಆಸುಪಾಸು ಇರುತ್ತದೆ. ಎಕ್ಸ್‌ಎಲ್ ಅಂದರೆ 280, ಎಕ್ಸ್‌ಎಕ್ಸ್‌ಎಲ್ ಅಂದರೆ 320ರ ಸುಮಾರು. 400 ಮಿ.ಮೀ. ದಾಟಿದ, ಹಿಂಬದಿ ಬೀಸಣಿಗೆಯ ಹಾಗೆ ಅಗಲವಾದ ನೈಟ್ ಪ್ಯಾಡ್‌ಗಳೂ ಈಗ ಊರಿನ ಮೆಡಿಕಲ್ ಶಾಪ್‌ಗಳಲ್ಲಿ ಸಿಗುತ್ತವೆ. ಕೊಳ್ಳುವಾಗ ಪ್ಯಾಕೆಟ್ ಮೇಲಿನ ಎಕ್ಸ್‌ಗಳನ್ನು ಎಣಿಸಬೇಡಿ. ಒಂದು ಕಂಪನಿಯ ಎಕ್ಸ್‌ಎಕ್ಸ್‌ಎಲ್ ಇನ್ನೊಂದು ಕಂಪನಿಯದ್ದಕ್ಕಿಂತ ಚಿಕ್ಕದಿರಬಹುದು. ಮಿ.ಮೀ. ಅಳತೆ ಎಲ್ಲೋ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅದನ್ನು ಓದಿ.

ಹಿಂದೆ ಮಾತ್ರ ಸೋರುವವರಿಗೆ ಇದೇ ಸಾಕು, ಇದೇ ಅಗ್ಗ. ಅಂಟಿಸುವಾಗ ಹಗಲಿಗಿಂತ ಎರಡು ಮೂರು ಬೆರಳಿನಷ್ಟು ಹಿಂದಕ್ಕೆ ಸರಿಸಿ ಅಂಟಿಸಿ. ಒಳಉಡುಪು ಮೈಗೆ ಹತ್ತಿಕೊಂಡಂತೆ ಇರಲಿ. ಸಡಿಲವಾದ ಹಳೇ ಚಡ್ಡಿಯಲ್ಲಿ ಎಂಥ ಪ್ಯಾಡ್ ಹಾಕಿದರೂ ನಡುವೆ ಸಂದು ಉಳಿಯುತ್ತದೆ. ಆ ಸಂದಿನಲ್ಲೇ ರಕ್ತ ಹರಿದು ಹೋಗುವುದು. ನನ್ನ ಅಕ್ಕ ಎರಡು ಪ್ಯಾಡ್‌ಗಳನ್ನು ಸೇರಿಸಿ ಹಾಕುತ್ತಾಳೆ: ಒಂದು ಉದ್ದಕ್ಕೆ, ಇನ್ನೊಂದು ಹಿಂದೆ ಅಡ್ಡಕ್ಕೆ. ದೊಡ್ಡ ಪ್ಯಾಡ್ ಸಿಗದ ಊರಿನಲ್ಲಿ ಅದು ಒಳ್ಳೆಯ ಉಪಾಯ. ಒಂದರ ಮೇಲೊಂದು ಇಡುವುದರಿಂದ ಮಾತ್ರ ಪ್ರಯೋಜನ ಕಡಿಮೆ. ಪ್ಯಾಡಿನ ಕೆಳಪದರ ಪ್ಲಾಸ್ಟಿಕ್ ಆಗಿರುವುದರಿಂದ ಮೇಲಿನದು ತುಂಬಿದರೂ ರಕ್ತ ಕೆಳಗಿನದಕ್ಕೆ ಇಳಿಯುವುದಿಲ್ಲ, ಪಕ್ಕಕ್ಕೆ ಹೋಗುತ್ತದೆ.

ಪ್ಯಾಡಿನ ನಿಜವಾದ ಮಿತಿ ಹೆಪ್ಪುಗಟ್ಟಿದ ರಕ್ತ. ತೆಳುವಾದ ರಕ್ತವನ್ನು ಪ್ಯಾಡಿನೊಳಗಿನ ಜೆಲ್ ಹೀರುತ್ತದೆ, ಹೆಪ್ಪನ್ನು ಹೀರುವುದಿಲ್ಲ. ಅದು ಮೇಲೆಯೇ ಕೂತು, ಆಮೇಲೆ ಬರುವ ರಕ್ತಕ್ಕೆ ಅಡ್ಡವಾಗುತ್ತದೆ. ಮಗ್ಗುಲು ಬದಲಿಸಿದಾಗ, ಕೆಮ್ಮಿದಾಗ ಒಮ್ಮೆಲೇ ಬರುವುದನ್ನು ತಡೆಯಲೂ ಪ್ಯಾಡ್‌ಗೆ ಆಗುವುದಿಲ್ಲ. ಹೀರುವುದಕ್ಕೆ ಅದಕ್ಕೆ ಸ್ವಲ್ಪ ಸಮಯ ಬೇಕು.

ಜನೌಷಧಿ ಕೇಂದ್ರದಲ್ಲಿ 2019ರಿಂದ ಪ್ಯಾಡ್ ಒಂದಕ್ಕೆ 1 ರೂಪಾಯಿಗೆ ಸಿಗುತ್ತಿದೆ. ಹಗಲಿಗೆ ಅದನ್ನು ಬಳಸಿ, ಉಳಿದ ಹಣದಲ್ಲಿ ರಾತ್ರಿಗೆ ಮಾತ್ರ ದೊಡ್ಡದು ಕೊಳ್ಳಿ. ಐದೂ ದಿನ ದುಬಾರಿ ನೈಟ್ ಪ್ಯಾಡ್ ಬೇಕಾಗಿಲ್ಲ. ಬಹಳ ಜನರಿಗೆ ಕಷ್ಟ ಇರುವುದು ಎರಡನೇ, ಮೂರನೇ ರಾತ್ರಿ ಅಷ್ಟೇ, ಅಲ್ವಾ?

ಚಡ್ಡಿಯ ಹಾಗೆ ತೊಡುವ ಪ್ಯಾಡ್

ಇದು ಬಳಸಿ ಎಸೆಯುವ ಪೀರಿಯಡ್ ಪ್ಯಾಂಟಿ. ಪ್ಯಾಡ್ ಮತ್ತು ಚಡ್ಡಿ ಎರಡೂ ಒಂದೇ. ಸೊಂಟದವರೆಗೆ ಹಿಂದೆ ಮುಂದೆ ಹೀರುವ ಪದರ, ತೊಡೆಯ ಸುತ್ತ ಇಲಾಸ್ಟಿಕ್. ಮಗ್ಗುಲಾಗಿ ಮಲಗುವವರಿಗೆ, ನಿದ್ದೆಯಲ್ಲಿ ಹೊರಳಾಡುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ. ಜಾರುವುದಿಲ್ಲ, ಮಡಚಿಕೊಳ್ಳುವುದಿಲ್ಲ. ತೆಗೆಯುವಾಗ ಎರಡೂ ಪಕ್ಕ ಹರಿದು, ಸುತ್ತಿ ಎಸೆದರಾಯಿತು.

ಬೆಲೆ ಜಾಸ್ತಿ. ಒಂದು ಪ್ಯಾಂಟಿಯ ದುಡ್ಡಿಗೆ ಎರಡು ಮೂರು ನೈಟ್ ಪ್ಯಾಡ್ ಬರುತ್ತವೆ. ಬೇಸಿಗೆಯಲ್ಲಿ ಸೆಕೆ. ರಾಯಚೂರು, ಕಲಬುರಗಿಯ ಏಪ್ರಿಲ್ ರಾತ್ರಿಯಲ್ಲಿ ಇದನ್ನು ತೊಟ್ಟು ಮಲಗುವುದು ಸುಲಭವಲ್ಲ. ತೊಡೆಸಂದಿಯಲ್ಲಿ ಬೆವರುಗುಳ್ಳೆ ಬರುವವರು ಬೆಳಿಗ್ಗೆ ಎದ್ದ ತಕ್ಷಣ ತೆಗೆದು, ತೊಳೆದು, ಒಣ ಹತ್ತಿ ಬಟ್ಟೆ ಹಾಕಿಕೊಳ್ಳಬೇಕು.

ಒಂದು ಮಾತು ಹೇಳಬೇಕು. ಮೆಡಿಕಲ್ ಶಾಪ್‌ನಲ್ಲಿ ಸಿಗುವ ದೊಡ್ಡವರ ಡೈಪರ್ ಪ್ಯಾಂಟ್ ಕೂಡ ಇದೇ ಕೆಲಸ ಮಾಡುತ್ತದೆ. ಎಷ್ಟೋ ಕಡೆ ಪೀರಿಯಡ್ ಪ್ಯಾಂಟಿಗಿಂತ ಅಗ್ಗ. ನನಗೆ ತೀರಾ ಕಷ್ಟವಿದ್ದ ಒಂದು ವರ್ಷ ನಾನು ಅದನ್ನೇ ಹಾಕಿದೆ. ಮೊದಲ ಸಲ ಕೇಳುವಾಗ ಅಂಗಡಿಯಲ್ಲಿ "ನಮ್ಮ ಅತ್ತೆಗೆ" ಎಂದು ಸುಳ್ಳು ಹೇಳಿದ್ದೆ. ಆ ಸುಳ್ಳಿನ ಅಗತ್ಯವೇ ಇರಲಿಲ್ಲ. ಆ ರಾತ್ರಿ ಆರು ಗಂಟೆ ಒಂದೇ ನಿದ್ದೆ ಮಾಡಿದೆ. ಎಷ್ಟೋ ತಿಂಗಳಾಗಿತ್ತು ಹಾಗೆ ಮಲಗಿ. ಹೆರಿಗೆಯಾದವರಿಗೆ ಕೊಡುವ ಮೆಟರ್ನಿಟಿ ಪ್ಯಾಡ್ ಕೂಡ ಹೀಗೆಯೇ ಉಪಯೋಗಕ್ಕೆ ಬರುತ್ತದೆ, ಆದರೆ ಅದು ಪಕ್ಕದ ಸೋರಿಕೆಯನ್ನು ಅಷ್ಟಾಗಿ ತಡೆಯುವುದಿಲ್ಲ.

ಕಪ್

ಪ್ಯಾಡ್ ರಕ್ತ ಹೊರಗೆ ಬಂದ ಮೇಲೆ ಹಿಡಿಯುತ್ತದೆ. ಕಪ್, ಅಂದರೆ ಯೋನಿಯೊಳಗೆ ಇಟ್ಟುಕೊಳ್ಳುವ ಮೆತ್ತನೆಯ ಬಟ್ಟಲು, ಒಳಗೇ ಹಿಡಿಯುತ್ತದೆ. ಹಾಗಾಗಿ ನೀವು ಬೋರಲಾಗಿ ಮಲಗಿ, ಮಗ್ಗುಲಾಗಿ ಮಲಗಿ, ಅದಕ್ಕೆ ವ್ಯತ್ಯಾಸವಿಲ್ಲ. ಹೆಪ್ಪುಗಟ್ಟಿದ ರಕ್ತವೂ ಅದರೊಳಗೇ ಬೀಳುತ್ತದೆ. ಜಾಸ್ತಿ ಹೋಗುವವರಿಗೆ ರಾತ್ರಿಗೆ ಒಂದೇ ವಸ್ತು ಆರಿಸು ಅಂದರೆ ನಾನು ಕಪ್ ಆರಿಸುತ್ತೇನೆ, ಕೆಳಗೊಂದು ಪ್ಯಾಡ್ ಇಟ್ಟುಕೊಂಡು.

ದೊಡ್ಡ ಸೈಜಿನ ಕಪ್ಪಿನಲ್ಲಿ ಸಾಮಾನ್ಯವಾಗಿ 25ರಿಂದ 30 ಮಿ.ಲೀ. ಹಿಡಿಯುತ್ತದೆ, ಕೆಲವದರಲ್ಲಿ ಇನ್ನೂ ಜಾಸ್ತಿ. ಪ್ಯಾಕೆಟ್ ಮೇಲೆ 8ರಿಂದ 12 ಗಂಟೆ ಎಂದು ಬರೆದಿರುತ್ತಾರೆ. ಅದು ಗರಿಷ್ಠ ಮಿತಿ, ಅಷ್ಟು ಹೊತ್ತು ತುಂಬುವುದಿಲ್ಲ ಎಂಬ ಭರವಸೆ ಅಲ್ಲ. ನಿಮ್ಮದು ನಾಲ್ಕೇ ಗಂಟೆಗೆ ತುಂಬಿದರೆ ನಾಲ್ಕೇ ಗಂಟೆಗೆ ಸೋರುತ್ತದೆ. ಮಲಗುವ ಮುಂಚೆ, ದೀಪ ಆರಿಸುವ ಕೊನೇ ಗಳಿಗೆಯಲ್ಲಿ ಖಾಲಿ ಮಾಡಿ ಹಾಕಿಕೊಳ್ಳಿ. ಒಂಬತ್ತಕ್ಕೆ ಖಾಲಿ ಮಾಡಿ ಹನ್ನೊಂದಕ್ಕೆ ಮಲಗಿದರೆ ಎರಡು ಗಂಟೆ ಸುಮ್ನೆ ಕಳೆದುಕೊಂಡ ಹಾಗೆ.

ಕಲಿಯಲು ಎರಡು ಮೂರು ತಿಂಗಳು ಬೇಕು. ಮೊದಲ ಪ್ರಯೋಗವನ್ನು ದಯವಿಟ್ಟು ಎರಡನೇ ದಿನದ ರಾತ್ರಿ ಮಾಡಬೇಡಿ. ಕಡಿಮೆ ಇರುವ ನಾಲ್ಕನೇ ದಿನ, ಮನೆಯಲ್ಲಿರುವ ಹಗಲು, ಸ್ನಾನದ ಹೊತ್ತಿನಲ್ಲಿ ಕುಕ್ಕುರುಗಾಲಲ್ಲಿ ಕೂತು ಶುರು ಮಾಡಿ. ನಮ್ಮ ನೆಲದ ಕಕ್ಕಸು ಇದಕ್ಕೆ ತುಂಬಾ ಅನುಕೂಲ, ಕೂರುವ ಭಂಗಿಯೇ ಸರಿಯಾಗಿದೆ. ಒಳಗೆ ಹೋದ ಮೇಲೆ ಕಪ್ಪಿನ ಬುಡದ ಸುತ್ತ ಬೆರಳಾಡಿಸಿ. ಮಡಿಕೆ ಸಿಕ್ಕಿತು ಅಂದರೆ ಅದು ಪೂರ್ತಿ ಬಿಚ್ಚಿಕೊಂಡಿಲ್ಲ, ಖಂಡಿತ ಸೋರುತ್ತದೆ. ಬುಡವನ್ನು ಹಿಡಿದು ಸ್ವಲ್ಪ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ತೆಗೆಯುವಾಗ ತೊಟ್ಟು ಹಿಡಿದು ಎಳೆಯಬೇಡಿ. ಬುಡವನ್ನು ಹಿಂಡಿ ಗಾಳಿ ಬಿಡಿಸಿ, ಆಮೇಲೆ ನಿಧಾನವಾಗಿ ತೆಗೆಯಿರಿ.

ಬಸಿರು ತಡೆಯಲು ಗರ್ಭಕೋಶದೊಳಗೆ ಕಾಪರ್ ಟಿ ಹಾಕಿಸಿಕೊಂಡವರು ಈ ವಿಷಯದಲ್ಲಿ ಎಚ್ಚರ ಇರಬೇಕು. ಗಾಳಿ ಬಿಡಿಸದೆ ಕಪ್ ಎಳೆದರೆ ಕಾಪರ್ ಟಿ ಜಾಗ ತಪ್ಪಬಹುದು, ದಾರದ ಜೊತೆ ಕೆಳಗೆ ಬರಲೂಬಹುದು. ಡಾಕ್ಟರನ್ನು ಕೇಳಿಯೇ ಬಳಸಿ. ಅಂದ ಹಾಗೆ ಕಾಪರ್ ಟಿ ಹಾಕಿಸಿಕೊಂಡ ಮೇಲೆಯೇ ಬ್ಲೀಡಿಂಗ್ ಜಾಸ್ತಿಯಾಯಿತು ಅಂದರೆ ಕಾರಣ ಅದೇ ಇರಬಹುದು. ಅದನ್ನೂ ಹೇಳಿ.

ಮದುವೆಯಾಗದವರು ಬಳಸಬಹುದಾ ಅಂತ ಕೇಳುತ್ತಾರೆ. ದೇಹದ ದೃಷ್ಟಿಯಿಂದ ಬಳಸಬಹುದು, ಚಿಕ್ಕ ಸೈಜು ಇದೆ. ಕನ್ಯಾಪೊರೆ ಹಿಗ್ಗಬಹುದು, ಹರಿಯಲೂಬಹುದು. ಅದರಿಂದ ಯಾರ ನಡತೆಯನ್ನೂ ಅಳೆಯಲು ಬರುವುದಿಲ್ಲ. ಆದರೆ ಮನೆಯಲ್ಲಿ ಇದು ದೊಡ್ಡ ಜಗಳವಾಗುವ ಹುಡುಗಿಗೆ ನಾನು ಕಪ್ ಹೇರುವುದಿಲ್ಲ. ಅವಳಿಗೆ ಪ್ಯಾಂಟಿಯಂಥ ಪ್ಯಾಡ್ ಇದೆ.

ಪ್ರತಿ ತಿಂಗಳು ಶುರುವಿಗೆ ಮೊದಲು ಐದು ನಿಮಿಷ ನೀರಿನಲ್ಲಿ ಕುದಿಸಬೇಕು. ತುಂಬಿದ ಮನೆಯಲ್ಲಿ ಅಡುಗೆ ಒಲೆಯ ಮೇಲೆ ಕಪ್ ಕುದಿಸುವುದು ಎಷ್ಟು ಕಷ್ಟ ಎಂದು ಗೊತ್ತು. ಅದಕ್ಕೇ ಎಂದು ಒಂದು ಸಣ್ಣ ಸ್ಟೀಲ್ ಪಾತ್ರೆ ಇಟ್ಟುಕೊಳ್ಳಿ. ಎಲ್ಲರೂ ಮಲಗಿದ ಮೇಲೆ ಕುದಿಸಿ, ಒಣಗಿಸಿ, ಬಟ್ಟೆಯ ಚೀಲದಲ್ಲಿ ಎತ್ತಿಡಿ. ನಮ್ಮ ಸರ್ಕಾರ 2023ರಲ್ಲಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ಹುಡುಗಿಯರಿಗೆ ಮೈತ್ರಿ ಮುಟ್ಟಿನ ಕಪ್ ಕೊಡುವ ಯೋಜನೆ ಶುರು ಮಾಡಿತು. ಸರ್ಕಾರವೇ "ಮುಟ್ಟಿನ ಕಪ್" ಎಂದು ಬಾಯಿಬಿಟ್ಟು ಹೇಳಿದ್ದು ನನಗೆ ತುಂಬಾ ಸಂತೋಷ ಕೊಟ್ಟಿತು. ಹೆಸರು ಹೇಳಲು ಬಂದರೆ ತಾನೇ ಕೇಳಲು ಬರುವುದು.

ಉಳಿದವು

ಡಿಸ್ಕ್ ಎಂಬ ಇನ್ನೊಂದು ಇದೆ. ಅಗಲವಾದ ತಟ್ಟೆಯಂಥದ್ದು, ಕಪ್ಪಿಗಿಂತ ಮೇಲೆ ಕೂರುತ್ತದೆ. 2023ರಲ್ಲಿ ಅಮೆರಿಕದ ಆರೆಗಾನ್‌ನ ಸಂಶೋಧಕರು 21 ಬಗೆಯ ಮುಟ್ಟಿನ ವಸ್ತುಗಳಲ್ಲಿ ನೀರಿನ ಬದಲು ನಿಜವಾದ ರಕ್ತ ಸುರಿದು ಅಳೆದರು. ಡಿಸ್ಕ್ ಸರಾಸರಿ 61 ಮಿ.ಲೀ. ಹಿಡಿಯಿತು. ಪ್ಯಾಡ್, ಟ್ಯಾಂಪನ್ (ಯೋನಿಯೊಳಗೆ ಇಡುವ ಹತ್ತಿಯ ಸುರುಳಿ), ಕಪ್ ಹೆಚ್ಚುಕಡಿಮೆ 20ರಿಂದ 50ರ ನಡುವೆ. ಒಗೆದು ಮತ್ತೆ ಬಳಸುವ ಪೀರಿಯಡ್ ಒಳಉಡುಪು ಬರೀ 2 ಮಿ.ಲೀ. ಸುಮಾರು. ಆ ಕೊನೆಯ ಅಂಕಿ ಓದಿ ನನಗೆ ಬೇಜಾರಾಯಿತು. ಆ ಒಳಉಡುಪಿಗೆ ಸಾವಿರಗಟ್ಟಲೆ ಕೊಡುವವರಿದ್ದಾರೆ. ಜಾಸ್ತಿ ಹೋಗುವವರು ಅದೊಂದನ್ನೇ ನಂಬಿ ಮಲಗಬೇಡಿ. ಕಪ್ಪಿನ ಕೆಳಗೆ ಬೆಂಬಲವಾಗಿ ಹಾಕಿಕೊಳ್ಳಲು ಸರಿ. ಡಿಸ್ಕ್ ತೆಗೆಯುವಾಗ ಕೈಯೆಲ್ಲಾ ರಕ್ತವಾಗುತ್ತದೆ, ನಮ್ಮಲ್ಲಿ ಆನ್‌ಲೈನ್‌ನಲ್ಲಷ್ಟೇ ಹುಡುಕಬೇಕು. ಕಪ್ ಅಭ್ಯಾಸವಾದವರು ಮುಂದಿನ ಹೆಜ್ಜೆಯಾಗಿ ನೋಡಬಹುದು.

ಟ್ಯಾಂಪನ್ ರಾತ್ರಿಗೆ ಬೇಡ ಎನ್ನುತ್ತೇನೆ. ಎಂಟು ಗಂಟೆಗಿಂತ ಹೆಚ್ಚು ಇಡಬಾರದು, ಇಟ್ಟರೆ ಅಪರೂಪಕ್ಕಾದರೂ ಜೀವಕ್ಕೆ ಕುತ್ತಾಗುವ ಸೋಂಕಿನ ಭಯವಿದೆ. ಜಾಸ್ತಿ ಹೋಗುವವರಿಗೆ ಅದು ಎಂಟು ಗಂಟೆ ಬರುವುದೂ ಇಲ್ಲ.

ಬಟ್ಟೆ? ನಮ್ಮ ಅಮ್ಮ, ಅಜ್ಜಿ ಬಳಸಿದ್ದು ಅದನ್ನೇ. ಬಟ್ಟೆ ಕೀಳಲ್ಲ. ಚೆನ್ನಾಗಿ ಒಗೆದು ಬಿಸಿಲಲ್ಲಿ ಒಣಗಿಸಿದ ಹತ್ತಿ ಬಟ್ಟೆ ಮೈಗೆ ಒಳ್ಳೆಯದು. ಕೆಟ್ಟದ್ದು ಅದನ್ನು ಕತ್ತಲೆ ಕೋಣೆಯಲ್ಲಿ, ಇನ್ನೊಂದು ಬಟ್ಟೆಯ ಅಡಿ ಮುಚ್ಚಿ ಒಣಗಿಸುವುದು. ಆದರೆ ಭಾರೀ ರಾತ್ರಿಗೆ ಬಟ್ಟೆಯೊಂದೇ ಸಾಲದು. ರಕ್ತ ಬೇಗ ಆಚೆಗೆ ಇಳಿದುಬಿಡುತ್ತದೆ.

ಹಾಸಿಗೆಯನ್ನು ಮರೆಯಬೇಡಿ

ಬಹಳ ಜನ ಎಚ್ಚರವಾಗುವುದು ಸೋರಿದ್ದಕ್ಕಲ್ಲ, ಸೋರೀತು ಎಂಬ ಭಯಕ್ಕೆ. ಗಂಟೆಗೊಮ್ಮೆ ಕೈ ಹಿಂದೆ ಹಾಕಿ ಮುಟ್ಟಿ ನೋಡುತ್ತಾ ಮಲಗುವುದು ನಿದ್ದೆಯೇ ಅಲ್ಲ. ಹಾಸಿಗೆಗೆ ರಕ್ಷಣೆ ಇದ್ದರೆ ಆ ಭಯದ ಅರ್ಧ ಹೋಗುತ್ತದೆ.

ಮಕ್ಕಳಿಗೆ ಹಾಸುವ ಡ್ರೈ ಶೀಟ್ ದೊಡ್ಡ ಸೈಜಿನಲ್ಲಿ ಸಿಗುತ್ತದೆ. ಅದನ್ನು ಹಾಸಿ, ಮೇಲೆ ಹಳೇ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ. ರಬ್ಬರ್ ಶೀಟ್ ಕೂಡ ಆದೀತು, ಆದರೆ ಬೆವರುತ್ತದೆ. ಸೀರೆಯ ತುಂಡನ್ನು ಸೊಂಟದಿಂದ ತೊಡೆಯವರೆಗೆ ಬರುವಂತೆ ಹಾಸಿದರೆ ಸಾಕು. ಕಲೆಯಾದರೆ ಬೆಳಿಗ್ಗೆ ಅದೊಂದನ್ನೇ ಎತ್ತಿ ನೆನೆಹಾಕಬಹುದು, ಬೆಡ್‌ಶೀಟ್ ಪೂರ್ತಿ ಒಗೆಯಬೇಕಾಗಿಲ್ಲ. ಕಲೆಗೆ ತಣ್ಣೀರು ಮಾತ್ರ. ಬಿಸಿನೀರು ಹಾಕಿದರೆ ರಕ್ತ ನೂಲಿಗೆ ಕಚ್ಚಿಕೊಂಡುಬಿಡುತ್ತದೆ. ತಣ್ಣೀರಿಗೆ ಒಂದು ಹಿಡಿ ಉಪ್ಪು ಹಾಕಿ ಅರ್ಧ ಗಂಟೆ ನೆನೆಸಿ, ಆಮೇಲೆ ಬಾರ್ ಸೋಪು ಹಚ್ಚಿ ಉಜ್ಜಿ.

ಎದ್ದು ನಿಂತ ಕೂಡಲೇ ದಬಕ್ಕನೆ ಬರುವುದು ಇನ್ನೊಂದು ಕಷ್ಟ. ರಾತ್ರಿಯಿಡೀ ಯೋನಿಯೊಳಗೆ ನಿಂತ ರಕ್ತ, ನಿಂತ ತಕ್ಷಣ ಒಟ್ಟಿಗೆ ಇಳಿಯುತ್ತದೆ. ಹಾಸಿಗೆಯ ಪಕ್ಕದಲ್ಲೇ ಮಡಚಿದ ಟವೆಲ್ ಇಟ್ಟುಕೊಳ್ಳಿ. ಏಳುವ ಮೊದಲು ಅದನ್ನು ತೊಡೆಗಳ ನಡುವೆ ಒತ್ತಿ ಹಿಡಿದು, ಆಮೇಲೆ ಎದ್ದು ಬಚ್ಚಲಿಗೆ ಹೋಗಿ. ನೆಲ ಒರೆಸುವುದು ತಪ್ಪುತ್ತದೆ. ಸುಸ್ತಿರುವವರು ಥಟ್ಟನೆ ಏಳಬೇಡಿ. ಒಂದು ನಿಮಿಷ ಕೂತು ಏಳಿ, ತಲೆ ತಿರುಗಿ ಬಿದ್ದವರಿದ್ದಾರೆ.

ರಾತ್ರಿ ಬಸ್ಸು, ಹಾಸ್ಟೆಲ್ಲು, ನೆಂಟರ ಮನೆ

ಬೆಂಗಳೂರಿನಿಂದ ಬೀದರಿಗೋ ಕಲಬುರಗಿಗೋ ಸ್ಲೀಪರ್ ಬಸ್ಸಿನಲ್ಲಿ ಹೋಗುವವರಿಗೆ ಎದ್ದು ಬದಲಿಸುವ ಅವಕಾಶವೇ ಇರುವುದಿಲ್ಲ. ಊಟಕ್ಕೆ ಒಂದು ಕಡೆ ನಿಲ್ಲಿಸುತ್ತಾರೆ, ಆಮೇಲೆ ಬೆಳಗಿನವರೆಗೂ ಇಲ್ಲ. ಕಪ್ ಗೊತ್ತಿದ್ದವರು ಕಪ್ ಹಾಕಿ ಮೇಲೆ ಪ್ಯಾಂಟಿ ಪ್ಯಾಡ್ ತೊಡಿ. ಕಪ್ ಗೊತ್ತಿಲ್ಲದವರು ಪ್ಯಾಂಟಿಯ ಒಳಗೆ ಒಂದು ಉದ್ದದ ಪ್ಯಾಡ್ ಇಟ್ಟುಕೊಂಡು ಹತ್ತಿ. ಊಟದ ನಿಲುಗಡೆಯಲ್ಲಿ ಒಳಗಿನ ಪ್ಯಾಡ್ ಒಂದನ್ನೇ ಎಳೆದು ಬದಲಿಸಿದರಾಯಿತು, ಬಟ್ಟೆ ಪೂರ್ತಿ ಬಿಚ್ಚಬೇಕಾಗಿಲ್ಲ. ಎರಡರಲ್ಲಿ ಆರಿಸುವ ಅವಕಾಶ ಇದ್ದರೆ ಬಸ್ಸಿಗಿಂತ ರೈಲು ಮೇಲು. ಶೌಚಾಲಯ ಹೇಗೇ ಇರಲಿ, ಇದೆ.

ಹಾಸ್ಟೆಲಿನಲ್ಲಿ, ನೆಂಟರ ಮನೆಯಲ್ಲಿ ಎಸೆಯುವುದೇ ದೊಡ್ಡ ಚಿಂತೆ. ಹಳೇ ಪೇಪರು ನಾಲ್ಕು ಹಾಳೆ ಮತ್ತು ಕೆಂಪು ಪೆನ್ನು ಬ್ಯಾಗಿನಲ್ಲಿ ಇರಲಿ. ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಬೇರೆಯಾಗಿ ಇಡಿ. ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈಗೆ ಅದು ಬಿಡಿಯಾಗಿ ಸಿಗಬಾರದು. ಕಮೋಡಿಗಂತೂ ಹಾಕಲೇಬೇಡಿ.

ಯಾವುದೂ ಸಾಲುತ್ತಿಲ್ಲ ಅಂದರೆ

ಒಂದು ಇಡೀ ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವ ರಕ್ತ 30ರಿಂದ 40 ಮಿ.ಲೀ. ಎರಡು ಮೂರು ಟೇಬಲ್ ಚಮಚಕ್ಕಿಂತ ಜಾಸ್ತಿಯಿಲ್ಲ. 80 ಮಿ.ಲೀ. ದಾಟಿದರೆ ಜಾಸ್ತಿ ಎಂದು ವೈದ್ಯರು ಲೆಕ್ಕ ಹಾಕುತ್ತಾ ಬಂದಿದ್ದಾರೆ. ಈಗ 30 ಮಿ.ಲೀ.ಯ ಕಪ್ ಒಂದೇ ರಾತ್ರಿ ಎರಡು ಸಲ ತುಂಬಿತು ಎಂದುಕೊಳ್ಳಿ. ಐದು ದಿನದಲ್ಲಿ ಹೋಗಬೇಕಾದ್ದಕ್ಕಿಂತ ಜಾಸ್ತಿ ಒಂದೇ ರಾತ್ರಿಯಲ್ಲಿ ಹೋಯಿತು. ಇದಕ್ಕೆ ಇನ್ನೂ ದೊಡ್ಡ ಪ್ಯಾಡ್ ಹುಡುಕುವುದು ಪರಿಹಾರವಲ್ಲ.

ಕಪ್ ಬಳಸದವರಿಗೆ ಗುರುತುಗಳು ಬೇರೆ ಇವೆ. ರಾತ್ರಿ ಬದಲಿಸಲೆಂದೇ ಏಳಬೇಕಾಗುತ್ತದೆಯೇ? ಏಳು ದಿನ ದಾಟುತ್ತದೆಯೇ? ಹತ್ತು ರೂಪಾಯಿ ನಾಣ್ಯದಷ್ಟು ದೊಡ್ಡ ಹೆಪ್ಪು ಬೀಳುತ್ತದೆಯೇ? ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುವುದು, ಅಕ್ಕಿಯನ್ನೋ ಮಣ್ಣನ್ನೋ ತಿನ್ನಬೇಕೆನಿಸುವುದು ಇದೆಯೇ? ಇವು ಕಬ್ಬಿಣದ ಅಂಶ ಕಡಿಮೆಯಾದ ಲಕ್ಷಣಗಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂತು. ಅದಕ್ಕೆ ಊಟವೊಂದೇ ಕಾರಣವಲ್ಲ. ತಿಂಗಳು ತಿಂಗಳು ಹೀಗೆ ಹರಿದು ಹೋಗುವುದೂ ಒಂದು ಕಾರಣ.

ನಾನು ರಾತ್ರಿ ಎರಡಕ್ಕೆ ಮತ್ತು ನಾಲ್ಕೂವರೆಗೆ ಅಲಾರಂ ಇಟ್ಟು ಎದ್ದು ಬದಲಿಸುತ್ತಿದ್ದೆ. ವರ್ಷಗಟ್ಟಲೆ. ಅಮ್ಮನಿಗೆ ಹೇಳಿದಾಗ "ನಮ್ಮ ಕಡೆ ಎಲ್ಲರಿಗೂ ಹೀಗೇ ಕಣೇ, ಮುಟ್ಟು ನಿಂತ ಮೇಲೆ ಸರಿಹೋಗುತ್ತೆ" ಎಂದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಒಂದೇ ಮನೆಯಲ್ಲಿ ಎಲ್ಲರಿಗೂ ಹೀಗಿದೆ ಅಂದರೆ ಅದು ಸಹಜ ಎಂದಲ್ಲ, ಒಂದೇ ತೊಂದರೆ ಎಲ್ಲರಿಗೂ ಇದೆ ಎಂದು. ಗರ್ಭಕೋಶದ ಗಡ್ಡೆ ಮನೆತನದಲ್ಲಿ ಬರುತ್ತದೆ. ರಕ್ತ ಬೇಗ ಹೆಪ್ಪುಗಟ್ಟದಿರುವ ತೊಂದರೆಯೂ ಹಾಗೆಯೇ. ಮೊದಲ ಮುಟ್ಟಿನಿಂದಲೇ ವಿಪರೀತ ಹೋಗುವ ಹುಡುಗಿಗೆ ಮೂಗಿನಲ್ಲಿ, ವಸಡಿನಲ್ಲಿ ಆಗಾಗ ರಕ್ತ ಬರುತ್ತಿದ್ದರೆ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಕೇಳಿ ಮಾಡಿಸಿ. ಥೈರಾಯ್ಡ್, ಪಿಸಿಓಎಸ್ ಎಂಬ ಹಾರ್ಮೋನ್ ತೊಂದರೆ ಇವೂ ಕಾರಣವಾಗುತ್ತವೆ. 45 ದಾಟಿದವರಿಗೆ "ನಿಲ್ಲುವ ಕಾಲ, ಹಾಗೇ" ಎಂದು ಹೇಳಿ ಕಳಿಸಿದರೆ ಒಪ್ಪಬೇಡಿ. ಅಪರೂಪಕ್ಕೆ ಅದು ಕ್ಯಾನ್ಸರಿನ ಸೂಚನೆಯೂ ಆಗಿರುತ್ತದೆ.

ನನ್ನ ಹಿಮೋಗ್ಲೋಬಿನ್ 7.6 ಇತ್ತು. 12ಕ್ಕಿಂತ ಮೇಲಿರಬೇಕು. ಸ್ಕ್ಯಾನಿಂಗ್ ವರದಿಯಲ್ಲಿ ಬಲ್ಕಿ ಯೂಟರಸ್ ಎಂದು ಬರೆದಿತ್ತು, ಅಂದರೆ ಗರ್ಭಕೋಶ ದಪ್ಪವಾಗಿದೆ. ಒಳಪದರ ಸ್ನಾಯುವಿನ ಗೋಡೆಯೊಳಗೆ ಬೆಳೆಯುವ ಅಡಿನೊಮಯೋಸಿಸ್. ಮೊದಲು ನೋಡಿದ ಡಾಕ್ಟರು ಐದು ನಿಮಿಷದಲ್ಲಿ, "ಮಕ್ಕಳಾಗಿದೆಯಲ್ಲ, ತೆಗೆಸಿಬಿಡಿ" ಎಂದರು. ನನಗಾಗ 38 ವರ್ಷ. ನಾನು ಎದ್ದು ಬಂದೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಚಿಕ್ಕ ವಯಸ್ಸಿನ ಹೆಂಗಸರ ಗರ್ಭಕೋಶ ತೆಗೆದ ಸುದ್ದಿ ನನ್ನ ತಲೆಯಲ್ಲಿತ್ತು. ಬೇಡದ ಗರ್ಭಕೋಶದ ಆಪರೇಷನ್‌ಗಳನ್ನು ತಡೆಯಿರಿ ಎಂದು 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಿದೆ. ಕೆಲವರಿಗೆ ಆ ಆಪರೇಷನ್ ನಿಜವಾಗಿ ಬೇಕಾಗುತ್ತದೆ, ಅದರಿಂದ ನೆಮ್ಮದಿ ಕಂಡವರೂ ಇದ್ದಾರೆ. ಆದರೆ ಅದು ಮೊದಲ ಮೆಟ್ಟಿಲಲ್ಲ. ಎರಡನೇ ಡಾಕ್ಟರನ್ನು ಕೇಳುವುದು ನಿಮ್ಮ ಹಕ್ಕು.

ಮೊದಲು ನೋಡಬೇಕಾದ ದಾರಿಗಳು ಬೇರೆ ಇವೆ. ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಮಾತ್ರೆ ಬ್ಲೀಡಿಂಗನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಬಲ್ಲದು. ಹಾರ್ಮೋನ್ ಅಲ್ಲ, ಜೋರಾಗಿ ಹೋಗುವ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವುದು. ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರಿಗೆ ಕೊಡುವುದಿಲ್ಲ. ಆದ್ದರಿಂದ ಪಕ್ಕದ ಮನೆಯವರ ಚೀಟಿ ನೋಡಿ ತರಬೇಡಿ. ಮೆಫೆನಾಮಿಕ್ ಆಸಿಡ್ ನೋವನ್ನೂ ತಗ್ಗಿಸುತ್ತದೆ, ರಕ್ತವನ್ನೂ ಸ್ವಲ್ಪ ಕಡಿಮೆ ಮಾಡುತ್ತದೆ. ಹೊಟ್ಟೆ ಹುಣ್ಣು ಇರುವವರಿಗೆ ಬೇಡ. ಹಾರ್ಮೋನ್ ಮಾತ್ರೆಗಳಿವೆ. ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನವಿದೆ, ನಾನು ಆರಿಸಿದ್ದು ಅದನ್ನು. ಮೊದಲ ನಾಲ್ಕೈದು ತಿಂಗಳು ಆಗಾಗ ಚೂರು ಚೂರು ಕಾಣಿಸಿಕೊಂಡು ಬೇಸರ ಬಂತು. ಆರನೇ ತಿಂಗಳಿಗೆ ಒಂದು ಮಾಮೂಲಿ ಪ್ಯಾಡ್ ಸಾಕಾಯಿತು. ಕಬ್ಬಿಣದ ಮಾತ್ರೆಯನ್ನು ನಿಂಬೆ ಪಾನಕದ ಜೊತೆ ನುಂಗಿ. ಕಾಫಿ ಟೀ ಕುಡಿಯುವುದಿದ್ದರೆ ಒಂದೆರಡು ಗಂಟೆ ಬಿಟ್ಟು ಕುಡಿಯಿರಿ, ಅವು ಕಬ್ಬಿಣ ಮೈಗೆ ಹತ್ತಲು ಬಿಡುವುದಿಲ್ಲ.

ಬೆಳಗಾಗುವವರೆಗೆ ಕಾಯಬಾರದ ರಾತ್ರಿಯೂ ಇರುತ್ತದೆ. ಗಂಟೆಗೊಂದು ದೊಡ್ಡ ಪ್ಯಾಡ್ ಪೂರ್ತಿ ತುಂಬುವುದು ಎರಡು ಗಂಟೆ ಬಿಡದೆ ನಡೆದರೆ, ಕಣ್ಣು ಕತ್ತಲೆ ಬಂದರೆ, ಎದೆ ಡವಡವ ಎಂದು ಹೊಡೆದುಕೊಂಡರೆ, ಬಸಿರಿರುವ ಸಾಧ್ಯತೆ ಇದ್ದರೆ, ಮನೆಯವರನ್ನು ಎಬ್ಬಿಸಿ ಆಸ್ಪತ್ರೆಗೆ ಹೋಗಿ. 108ಕ್ಕೆ ಕರೆ ಮಾಡಿ. ನಿದ್ದೆ ಕೆಡಿಸಬಾರದು ಎಂಬ ಸಂಕೋಚ ಆ ಹೊತ್ತಿನಲ್ಲಿ ಬೇಡ. ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡರೆ, ಅದು ಒಂದು ಹನಿ ಆದರೂ ಆ ವಾರವೇ ತೋರಿಸಿ.

ಡಾಕ್ಟರ್ ಮುಂದೆ ಕೂತಾಗ "ಜಾಸ್ತಿ ಹೋಗುತ್ತೆ" ಎಂದಷ್ಟೇ ಹೇಳಿದರೆ ಅವರಿಗೆ ಏನೂ ತಿಳಿಯುವುದಿಲ್ಲ. ನಾನೂ ಮೊದಲು ಅಷ್ಟೇ ಹೇಳಿದ್ದೆ. ಎರಡನೇ ಡಾಕ್ಟರ್ ಹತ್ತಿರ ಹೋಗುವ ಮುಂಚಿನ ತಿಂಗಳು ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ: "ಎರಡನೇ ದಿನ. ರಾತ್ರಿ 10.30ಕ್ಕೆ ದೊಡ್ಡ ಪ್ಯಾಡ್. 1 ಗಂಟೆಗೆ ಪೂರ್ತಿ ತುಂಬಿತು. 3.15ಕ್ಕೆ ಮತ್ತೆ. ಹೆಪ್ಪು ನಾಲ್ಕು, ಒಂದು ನೆಲ್ಲಿಕಾಯಿಯಷ್ಟು. 5ಕ್ಕೆ ಬೆಡ್‌ಶೀಟ್ ನೆನೆಹಾಕಿದೆ." ಅವರು ಆ ಪುಟವನ್ನು ಎರಡು ಸಲ ಓದಿದರು. ನನ್ನ ಕೆಳರೆಪ್ಪೆ ಎಳೆದು ನೋಡಿದರು. ಬೇರೇನೂ ಕೇಳದೆ ಮೊದಲು ರಕ್ತಪರೀಕ್ಷೆಗೆ ಚೀಟಿ ಬರೆದರು.